ಐವತ್ತಡಿ ಆಚೆ ಕೂತವರು

ಅವರು ತೀರಿಕೊಂಡು ಒಂದು ತಿಂಗಳಾದ ಮೇಲೆ ನಮ್ಮ ಹಳೆಯ ಆರೋಗ್ಯ ಕೇಂದ್ರದ ಹಿಂದಿನ ಶೆಡ್ಡಿನಲ್ಲಿ ಸಂತಾಪ ಸಭೆ ಇಟ್ಟುಕೊಂಡಿದ್ದರು. ಹತ್ತಿಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಮೇಜಿನ ಮೇಲೆ ಒಂದು ಫೋಟೊ, ಫೋಟೊಗೆ ಸೇವಂತಿಗೆ ಹಾರ. ಮಾತಾಡಿದವರಲ್ಲೊಬ್ಬರು, “ಮೂಕಪ್ರಾಣಿಗಳ ಮೇಲೆ ಅಪಾರ ಕರುಣೆ ಇಟ್ಟುಕೊಂಡಿದ್ದ ಮಹಾನುಭಾವರು” ಎಂದುಬಿಟ್ಟರು. ಸಭೆ ತಲೆದೂಗಿತು. ನನಗೆ ರೇಗಿತು.

ಕರುಣೆಯಂತೆ! ಹಿತ್ತಲಿನ ಬಾಳೆಗೊನೆಗೆ ಮಂಗಗಳು ಬಿದ್ದ ದಿನ ಅವರ ಬಾಯಿಂದ ಹೊರಡುತ್ತಿದ್ದ ಮಾತುಗಳನ್ನು ಆ ಭಾಷಣಕಾರರು ಕೇಳಿರಲಿಲ್ಲ. ವರ್ಷಗಟ್ಟಲೆ ಸರ್ಕಾರಿ ಟೈಪ್‌ರೈಟರಿನ ಮುಂದೆ ಕೂತು ಏನೇನನ್ನೋ ಟೈಪು ಮಾಡಿದವಳು ನಾನು, ಆ ಮಾತುಗಳನ್ನು ಮಾತ್ರ ಮಾಡಲಾರೆ. ಅವರು ನಾಯಿ ಸಾಕಿದವರಲ್ಲ, ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡವರಲ್ಲ. ಕೊಟ್ಟಿಗೆಯ ಕರು ಕೈ ನೆಕ್ಕಿದರೆ ಲುಂಗಿಗೆ ಒರೆಸಿಕೊಂಡು, “ಸಾಕು, ಹೋಗಾಚೆ” ಎನ್ನುತ್ತಿದ್ದರು. ಅವರಲ್ಲಿ ಇದ್ದದ್ದು ಕರುಣೆಯಲ್ಲ, ಬೇರೆ ಏನೋ. ಅದಕ್ಕೆ ನನ್ನ ಬಳಿ ಹೆಸರಿಲ್ಲ. ಆದರೆ ಅದನ್ನು ಕಣ್ಣಾರೆ ಕಂಡವಳು ಎಂಬ ಜಂಬ ಇದೆ. ಆ ಜಂಬದಲ್ಲೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಸೀತೂರು ಕಡೆಯವರಿಗೆ ಹೆಸರಿಲ್ಲದೆಯೂ ಗೊತ್ತಾಗುತ್ತದೆ, ಉಳಿದವರಿಗೆ ಹೆಸರಿನಿಂದ ಆಗಬೇಕಾದ್ದು ಏನೂ ಇಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ಮಂಗನ ಕಾಯಿಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಎರಡು ಮಾತು. ಚಳಿ ಮುಗಿಯುತ್ತ ಬಂದಂತೆ ಕಾಡಿನಲ್ಲಿ ಮಂಗ, ಕಪ್ಪು ಮೋರೆಯ ಮುಸುವಗಳು ಜ್ವರ ಬಂದು ಸಾಯುತ್ತವೆ. ದನದ ಮೈಗೆ ಕಚ್ಚಿಕೊಂಡಿರುತ್ತದಲ್ಲ ಉಣುಗು, ಅಂಥದೇ ಸಣ್ಣ ಉಣುಗುಗಳು ಸತ್ತ ಮಂಗನ ಮೈಯಿಂದ ಉದುರಿ ಸುತ್ತಲ ತರಗೆಲೆಯಲ್ಲಿ ಕೂರುತ್ತವೆ. ಸೌದೆಗೋ ತರಗೆಲೆಗೋ ಹೋದವರ ಕಾಲು ಹತ್ತುತ್ತವೆ. ಆಮೇಲೆ ಜ್ವರ ಮನುಷ್ಯರಿಗೆ. ಕೆಲವರಿಗೆ ಅದೇ ಕೊನೆಯ ಜ್ವರ. ಹಾಗಾಗಿ ಎಲ್ಲಿ ಮಂಗ ಸತ್ತರೂ ಆರೋಗ್ಯ ಇಲಾಖೆಯವರು ಹೋಗಬೇಕು, ಪರೀಕ್ಷೆಗೆ ಮಾದರಿ ತೆಗೆಯಬೇಕು, ಹೆಣ ಸುಡಬೇಕು, ಸುತ್ತ ಐವತ್ತಡಿ ಔಷಧದ ಪುಡಿ ಎರಚಬೇಕು. ಎರಡು ಸಾವಿರದ ಇಸವಿಯ ಆಚೀಚೆ ನಮ್ಮ ಕೇಂದ್ರದಲ್ಲಿ ಈ ಕೆಲಸ ಅವರದಾಗಿತ್ತು. ಮಕ್ಕಳು “ಮಂಗನ ಡಾಕ್ಟ್ರು” ಎಂದು ಕೂಗಿದರೆ ಮೊಪೆಡ್ ನಿಲ್ಲಿಸಿ ತಿದ್ದುತ್ತಿದ್ದರು: “ಡಾಕ್ಟ್ರಲ್ಲ. ಹಿರಿಯ ಆರೋಗ್ಯ ಸಹಾಯಕ.”

ತೆಳ್ಳನೆಯ ಆಳು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ, ಮೊಣಕೈವರೆಗೆ ಉಣುಗು ಹತ್ತದಂತೆ ಇಲಾಖೆ ಕೊಡುವ ಎಣ್ಣೆ ಬಳಿದುಕೊಂಡು ಓಡಾಡುವವರು. ಆ ಎಣ್ಣೆಯ ವಾಸನೆ ಅವರಿಗಿಂತ ಮೊದಲು ಆಫೀಸಿಗೆ ಬರುತ್ತಿತ್ತು. ಹೆಗಲ ಚೀಲದಲ್ಲಿ ಕೈಗವಸು, ಉದ್ದದ ಇಕ್ಕಳ, ಬೆಂಕಿಪೊಟ್ಟಣ, ಮತ್ತು ಸುರುಳಿ ಸುತ್ತಿದ ಒಂದು ನಾರಿನ ಹಗ್ಗ. ಹಗ್ಗ ಸರಿಯಾಗಿ ಐವತ್ತಡಿ, ತುದಿಗೆ ಕೆಂಪು ಬಟ್ಟೆಯ ಚೂರು. ಪುಡಿ ಎರಚುವಾಗ ಉಳಿದವರು ಕಣ್ಣಳತೆಯಲ್ಲಿ ಮುಗಿಸಿದರೆ ಇವರು ಹಗ್ಗ ಹಿಡಿದು ಸುತ್ತು ಹಾಕುತ್ತಿದ್ದರು. ಎಣ್ಣೆ ಹಚ್ಚದೆ ಕಾಡಿಗೆ ಕಾಲಿಟ್ಟವರನ್ನು ವಾಪಸು ಕಳಿಸುತ್ತಿದ್ದರು. ಒಮ್ಮೆ ನಮ್ಮ ಡಾಕ್ಟರನ್ನೇ ಜೀಪಿಗೆ ಹಿಂದಿರುಗಿಸಿದ್ದುಂಟು. ವಿಜ್ಞಾನದ ಮೇಲೆ ಅವರಿಗಿದ್ದ ಗೌರವ ಡಾಕ್ಟರಿಗಿಂತ ಒಂದು ಕೈ ಹೆಚ್ಚೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿ ಯಾರಾದರೂ ಅವರನ್ನು ಭಾವುಕ ಮನುಷ್ಯ ಎಂದುಕೊಂಡರೆ ನನಗೆ ಇನ್ನೊಮ್ಮೆ ರೇಗುತ್ತದೆ.

ಬಸರೀಕಟ್ಟೆ ಕಡೆ ಒಂದು ಎಸ್ಟೇಟಿನ ಪಕ್ಕ ಮಂಗ ಸತ್ತಿದೆ, ಅಲ್ಲಿಯ ಆರೋಗ್ಯ ಸಹಾಯಕರು ರಜೆಯಲ್ಲಿದ್ದಾರೆ ಎಂದು ಒಮ್ಮೆ ಇವರನ್ನು ಕರೆಸಿದ್ದರು. ಜೀಪಿನ ಡ್ರೈವರ್ ಬಂದು ನಮಗೆಲ್ಲ ಹೇಳಿದ ಕತೆ ಇದು. ಹೋಗಿ ನೋಡಿದರೆ ಊರವರು ಬಿದಿರಿನ ಚಟ್ಟ ಕಟ್ಟಿ ಮುಗಿಸಿದ್ದಾರೆ. ಮಂಗ ಸತ್ತರೆ ಹನುಮಂತ ದೇವರೇ ಹೋದಂತೆ ಎಂದು ಶಾಸ್ತ್ರವಾಗಿ ಮಣ್ಣು ಮಾಡುವುದು ನಮ್ಮಲ್ಲಿ ಇದೆಯಲ್ಲ. ಕುಂಕುಮ, ಹೊಸ ಬಟ್ಟೆ, ಜಾಗಟೆ ಎಲ್ಲ ಸಿದ್ಧ. ಭಕ್ತಿಯಿಂದ ಬರಿಗೈಯಲ್ಲಿ ಎತ್ತಿ ಮಲಗಿಸುವುದೊಂದು ಬಾಕಿ. ಎತ್ತಿದ್ದರೆ ಆ ಊರಿನ ಅರ್ಧಕ್ಕರ್ಧ ಜನ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತಿತ್ತು.

ಬೇರೆಯವರಾಗಿದ್ದರೆ ಮೂಢನಂಬಿಕೆ ಎಂದು ಭಾಷಣ ಬಿಗಿದು ಬೈಸಿಕೊಂಡು ಬರುತ್ತಿದ್ದರು. ಇವರು ಮೊದಲು ಹಗ್ಗ ಬಿಚ್ಚಿದರಂತೆ.

“ದೇವರು ಹೌದು ಮಾರಾಯ್ರೆ, ನಾನೆಂತ ಅಲ್ಲ ಅಂದ್ನಾ? ಆದ್ರೆ ಉಣುಗಿಗೆ ದೇವರೂ ಗೊತ್ತಿಲ್ಲ, ಭಕ್ತರೂ ಗೊತ್ತಿಲ್ಲ. ಹಗ್ಗದ ಆಚೆ ನಿಂತ್ಕಳಿ. ಕಟ್ಟಿಗೆ ನೀವು ಕೊಡಿ, ಬೆಂಕಿ ನಾನು ಕೊಡ್ತೀನಿ.”

“ಮತ್ತೆ ಹೂವು, ಜಾಗಟೆ?” ಎಂದು ಹಿರಿಯರೊಬ್ಬರು ಕೇಳಿದರು.

“ಅಲ್ಲಿಂದ್ಲೇ ಎಸೀರಿ, ಅಲ್ಲಿಂದ್ಲೇ ಹೊಡೀರಿ. ದೇವರಿಗೆ ಐವತ್ತಡಿ ಎಂತ ದೂರವಾ?”

ಹಾಗೇ ನಡೆಯಿತು. ಆದರೆ ಕಡ್ಡಿ ಗೀರುವ ಮೊದಲು ಅವರು ಹಗ್ಗದ ಆಚೆ ಬಂದು ಜನರ ಜೊತೆ ಕೂತುಬಿಟ್ಟರು. ಮೇಲೆ ಮರದಲ್ಲಿ ಐದಾರು ಮಂಗಗಳು ಇನ್ನೂ ಕೂತಿದ್ದವು. ಅವು ಎದ್ದು ಹೋಗುವ ತನಕ ಇವರು ಏಳಲಿಲ್ಲ. ಊರವರಿಗೂ ಅದು ಸರಿ ಎನಿಸಿತು. ಮನೆಯವರು ಇರುವಾಗ ಬೆಂಕಿ ಕೊಡಲು ಯಾರು ಅವಸರ ಮಾಡುತ್ತಾರೆ? ಎಲ್ಲ ಮುಗಿದ ಮೇಲೆ ಹಳ್ಳದಲ್ಲಿ ಸೋಪು ಹಚ್ಚಿ ಮೀಯುತ್ತಿದ್ದವರನ್ನು ಡ್ರೈವರ್, “ಇದು ಸೂತಕದ ಸ್ನಾನವಾ ಉಣುಗಿನ ಸ್ನಾನವಾ ಸಾರ್?” ಎಂದು ಕಿಚಾಯಿಸಿದನಂತೆ. “ಎರಡಕ್ಕೂ ಸೋಪು ಒಂದೇ” ಎಂದರಂತೆ ಇವರು.

ಈ ಕೂರುವುದೇ ನನಗೂ ಅವರಿಗೂ ಜಗಳದ ಮೂಲ. ನನ್ನೂರು ಶೃಂಗೇರಿ ಹತ್ತಿರದ ಮೆಣಸೆ, ಕೆಲಸಕ್ಕಾಗಿ ನರಸಿಂಹರಾಜಪುರದಲ್ಲಿ ಬಾಡಿಗೆಗಿದ್ದೆ. ಕೈ ಟೈಪಿನಲ್ಲಿ ಚುರುಕು, ಬಾಯಿ ಅದಕ್ಕಿಂತ ಚುರುಕು ಎಂದು ಆಫೀಸಿನಲ್ಲಿ ಹೆಸರು. ಕೆಲಸ ಎಳೆದಾಡುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮಂಗ ಸತ್ತ ಪ್ರತಿಸಲ ಒಂದು ವರದಿ ಹೋಗಬೇಕು. ಅವರು ಕೈಯಲ್ಲಿ ಬರೆದದ್ದನ್ನು ನಾನು ಟೈಪು ಮಾಡಬೇಕು. ಕೊನೆಯ ಕಾಲಂ ಷರಾ. ಉಳಿದವರು ಅಲ್ಲಿ ಒಂದು ಗೆರೆ ಎಳೆದು ಬಿಡುತ್ತಾರೆ. ಇವರು ಬರೆಯುತ್ತಿದ್ದರು: “ಜೊತೆಯ ಮಂಗಗಳು ಒಂದೂವರೆ ಗಂಟೆ ಮರದಲ್ಲಿದ್ದವು. ಒಂದು ಕೆಳಗಿಳಿದು ಮುಟ್ಟಿ ಹೋಯಿತು. ಅವು ಹೋದ ನಂತರ ದಹನ.” ನಾನು ಅದನ್ನೆಲ್ಲ ಕತ್ತರಿಸಿ “ದಹನ ಮಾಡಲಾಯಿತು” ಎಂದಷ್ಟೇ ಟೈಪು ಮಾಡುತ್ತಿದ್ದೆ. ಅವರು ಸಹಿ ಮಾಡುವ ಮೊದಲು ಪೂರ್ತಿ ಓದಿ, ನಾನು ಬಿಟ್ಟದ್ದನ್ನು ನನ್ನ ಅಚ್ಚುಕಟ್ಟಾದ ಹಾಳೆಯ ಮೇಲೆ ನೀಲಿ ಪೆನ್ನಿನಲ್ಲಿ ಮತ್ತೆ ಬರೆಯುತ್ತಿದ್ದರು.

“ಸರ್, ಇದು ಯಾರಿಗೆ ಬೇಕು? ಮಂಗ ಅತ್ತದ್ದು ಬಿಟ್ಟದ್ದು ಕೇಳಿದ್ದಾರಾ ಅವರು?” ಎಂದು ಒಂದು ದಿನ ಹಾಳೆಯನ್ನು ಮೇಜಿಗೆ ಬಡಿದೆ.

“ಅತ್ತಿತು ಅಂತ ನಾನೆಲ್ಲಿ ಬರೆದೆ ಮಾರಾಯ್ತಿ? ಓದು. ಕೂತಿತ್ತು ಅಂತ ಬರೆದೆ. ಮುಟ್ಟಿತು ಅಂತ ಬರೆದೆ. ಕಂಡದ್ದು ಅಷ್ಟು. ಕಂಡದ್ದನ್ನ ಬಿಟ್ಟರೆ ಅದು ವರದಿ ಹೇಗೆ ಆಗ್ತದೆ?”

ನಾನು ಓದಿದೆ. ನಿಜಕ್ಕೂ ಅಳು, ದುಃಖ, ಸಂಕಟ ಇಂಥ ಒಂದು ಪದವೂ ಇರಲಿಲ್ಲ. ಸೋತೆ ಎಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ, ಹಾಗಾಗಿ ಅವತ್ತು ರಿಬ್ಬನ್ ಸರಿಯಿಲ್ಲ ಎಂದು ಗೊಣಗಿಕೊಂಡು ಮತ್ತೆ ಟೈಪು ಮಾಡಿದೆ.

ಇದೆಲ್ಲ ಯಾವಾಗ ಶುರುವಾಯಿತು ಎಂದು ಒಮ್ಮೆ ಕೇಳಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸತ್ತ ತಾಯಿಮಂಗವನ್ನು ಅವಸರದಲ್ಲಿ ಎಳೆದು ಸುಟ್ಟಿದ್ದರಂತೆ, ಕೊನೆಯ ಬಸ್ಸು ಹಿಡಿಯಬೇಕಿತ್ತಂತೆ. “ಮರಿ ಒಂದಿತ್ತು. ಬೆಂಕಿ ಆರೋ ತನಕ ಸುತ್ತು ಹಾಕ್ತಾ ಇತ್ತು. ನಂಗೆ ಬಸ್ಸು ಸಿಕ್ತು” ಎಂದರು. ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇ ಹೋದರು. ಮತ್ತೆ ಆ ಸುದ್ದಿ ನಾನು ಎತ್ತಲಿಲ್ಲ.

ಅವರ ಹೆಂಡತಿ ಗಟ್ಟಿಗಿತ್ತಿ. ಮನೆಗೆ ಹೋದಾಗಲೆಲ್ಲ ನನಗೆ ಕಾಫಿ ಕೊಟ್ಟು, ಅವರಿಗೆ ಕೇಳುವಂತೆ ಹೇಳುತ್ತಿದ್ದರು: “ಮಂಗದ ಹತ್ರ ಮೂರು ಗಂಟೆ ಕೂರ್ತಾರೆ ಪುಣ್ಯಾತ್ಮರು. ಮದುವೆಯಾಗಿ ಇಷ್ಟು ವರ್ಷ ಆತು, ನನ್ನ ಹತ್ರ ಮೂರು ನಿಮಿಷ ಕೂತಿದ್ದಿಲ್ಲ ನೋಡಿ.” ಅವರು ಪೇಪರಿನ ಹಿಂದಿನಿಂದ, “ನೀನೂ ಒಂದು ಕಡೆ ಕೂತ್ರೆ ತಾನೇ ನಾನು ಕೂರೋದು” ಎನ್ನುತ್ತಿದ್ದರು.

ಇನ್ನು ಆ ದಿನದ ಮಾತು. ಸೀತೂರಿನಿಂದ ಆಚೆ, ಹಳ್ಳದ ದಂಡೆಯ ಒಂದು ಸಣ್ಣ ಊರಿನಲ್ಲಿ ಇಬ್ಬರಿಗೆ ಜ್ವರ ಬಂದಿತ್ತು. ಅವರ ರಕ್ತ ಪರೀಕ್ಷೆಗೆ ಹೋಗಿತ್ತು, ಫಲಿತಾಂಶ ಬಂದಿರಲಿಲ್ಲ. ಅಲ್ಲಿ ಸತ್ತ ಮಂಗವೊಂದರ ಮಾದರಿ ಸಿಕ್ಕಿ, ಅದರಲ್ಲಿ ಕಾಯಿಲೆ ಇದೆಯೆಂದು ತಿಳಿದರೆ ಲಸಿಕೆಯ ತಂಡ ಬೇಗ ಬರುತ್ತದೆ. ಆದರೆ ಅಲ್ಲಿ ಸತ್ತದ್ದು ಒಂದೇ ಒಂದು ಮುಸುವನ ಮರಿ. ಅದು ಸತ್ತು ಎರಡು ದಿನವಾಗಿತ್ತು, ತಾಯಿ ಅದನ್ನು ಎದೆಗವುಚಿಕೊಂಡು ತಿರುಗುತ್ತಿತ್ತು. ಹೊರಗಿನಿಂದ ಸಂಶೋಧನೆಗೆಂದು ಬಂದಿದ್ದ ಒಬ್ಬ ಹೆಣ್ಣುಮಗಳು ಆ ವಾರ ನಮ್ಮಲ್ಲಿದ್ದರು. ಅವರೊಬ್ಬರನ್ನೇ ಗಂಡಸರ ಜೊತೆ ಕಳಿಸುವುದು ಬೇಡವೆಂದು ಡಾಕ್ಟರು ನನ್ನನ್ನೂ ಜೀಪು ಹತ್ತಿಸಿದರು. ಹೊರಡುವಾಗ ಡಾಕ್ಟರು ಇವರಿಗೆ ಹೇಳಿದ್ದು: “ಹನ್ನೆರಡರೊಳಗೆ ಮಾದರಿ ಐಸ್ ಡಬ್ಬದಲ್ಲಿ ಇರಬೇಕು. ಆಮೇಲೆ ಸಿಕ್ಕಿದರೆ ಕೊಳೆತು ಹೋಗಿರುತ್ತೆ. ಹೇಗೆ ತರ್ತೀರೋ ನನಗೆ ಗೊತ್ತಿಲ್ಲ.”

ನಾವು ತಲುಪಿದಾಗ ಹತ್ತೂವರೆ. ಹಳ್ಳದ ಈಚೆ ಒಂದು ಹಲಸಿನ ಮರ, ಅದರ ಕೆಳಗಿನ ಕೊಂಬೆಯಲ್ಲಿ ತಾಯಿ. ಮರಿಯ ತಲೆ ಒಂದು ಕಡೆ ಜೋತು ಬಿದ್ದಿತ್ತು. ಮೇಲೆ ಹತ್ತು ಹನ್ನೆರಡು ಮುಸುವಗಳು. ಊರಿನ ಗೌಡರು ಕೈಯಲ್ಲಿ ಗರ್ನಾಲು ಹಿಡಿದು ತಯಾರಾಗಿದ್ದರು; ತೋಟಕ್ಕೆ ಬಂದ ಮಂಗ ಓಡಿಸುವ ಸದ್ದಿನ ಪಟಾಕಿ ಅದು.

“ಎರಡು ಬಿಟ್ರೆ ಸಾಕು ಸಾರ್, ಮರಿ ಬಿಸಾಕಿ ಓಡ್ತದೆ.”

“ಬಿಸಾಕಲ್ಲ ಗೌಡ್ರೆ. ಎತ್ಕಂಡೇ ಓಡ್ತದೆ. ಎಲ್ಲಿಗೆ?” ಅವರು ಹಳ್ಳದ ಆಚೆ ಕೈ ತೋರಿಸಿದರು. ಆಚೆ ದಂಡೆಯಲ್ಲಿ ಶಾಲೆ, ಅದರ ಹಿಂದೆ ಏಳೆಂಟು ಮನೆ. “ಕೈಯಲ್ಲಿ ಮರಿ, ಮರಿ ಮೈಯಲ್ಲಿ ಉಣುಗು. ದಾರಿಯುದ್ದಕ್ಕೂ ಉದುರಿಸ್ಕೊಂಡು ಹೋಗ್ತದೆ.” ಹೇಳುತ್ತಲೇ ಗೌಡರ ಕೈಯಿಂದ ಬೆಂಕಿಪೊಟ್ಟಣ ತೆಗೆದು ತಮ್ಮ ಕಿಸೆಗೆ ಹಾಕಿಕೊಂಡರು. ಹಗ್ಗ ಹಿಡಿದು ಅಳೆದು ಐವತ್ತಡಿ ಆಚೆ ಎಲ್ಲರನ್ನೂ ಕೂರಿಸಿದರು. ತಾವೂ ಮಂಡಿಯ ಮೇಲೆ ಎರಡು ಕೈ ಇಟ್ಟು ಕೂತರು.

ಸಂಶೋಧಕಿ ಒಳ್ಳೆಯ ಹುಡುಗಿ. ಓಡಿಸುವುದು ಬೇಡ ಎಂಬುದನ್ನು ತಕ್ಷಣ ಒಪ್ಪಿಕೊಂಡರು. ಆದರೆ ಇವರು, “ಅದಕ್ಕೆ ಬಿಡ್ಲಿಕ್ಕೆ ಮನಸ್ಸು ಬರಬೇಕು, ಬರೋ ತನಕ ಕಾಯೋದು” ಎಂದಾಗ ಮೆಲ್ಲಗೆ ತಿದ್ದಿದರು.

“ಮನಸ್ಸು ಅಂತ ನಾವು ಹೇಳೋಕೆ ಬರಲ್ಲ ಸರ್. ಮರಿ ಸತ್ತಿದೆ ಅಂತ ಅದಕ್ಕೆ ತಿಳಿದೇ ಇಲ್ಲದಿರಬಹುದು. ಹೆತ್ತ ಮೇಲೆ ಮೈಯಲ್ಲಿ ಕೆಲವು ಹಾರ್ಮೋನುಗಳು ಇರ್ತವೆ. ಅವು ಇರೋವರೆಗೆ ಎತ್ಕೊಂಡು ತಿರುಗೋ ಅಭ್ಯಾಸ ನಿಲ್ಲದಿರಬಹುದು. ಅಷ್ಟೇ ಇರಬಹುದು.”

ಅವರು ಜೇಬಿನಿಂದ ಪುಸ್ತಕ ತೆಗೆದು ‘ಹಾರ್ಮೋನು’ ಎಂದು ಬರೆದುಕೊಂಡರು. ಅಣಕವಲ್ಲ, ಅವರು ಹೊಸ ವಿಷಯ ಕೇಳಿದರೆ ಬರೆದುಕೊಳ್ಳುವವರೇ. ಪುಸ್ತಕ ಜೇಬಿಗೆ ಇಟ್ಟು ಕೇಳಿದರು:

“ನಮ್ಮಮ್ಮ ತೀರಿಹೋದಾಗ ನನ್ನ ಮೈಯಲ್ಲೂ ಇಂಥದೆಲ್ಲ ಇತ್ತಾ ಮೇಡಂ?”

“ಬೇರೆ ಬೇರೆ ಇರುತ್ತೆ. ಇತ್ತು.”

“ಹಾಗಾದ್ರೆ ಸರಿ. ಅದಕ್ಕೂ ಇದೆ, ನಂಗೂ ಇದೆ. ನಂದನ್ನ ಮಾತ್ರ ದುಃಖ ಅಂತೀರಿ.”

ಆಕೆ ನಕ್ಕುಬಿಟ್ಟರು. ಆಮೇಲೆ ಗಂಭೀರವಾಗಿಯೇ, “ನಿಮ್ಮನ್ನ ಕೇಳಿ ತಿಳ್ಕೋಬಹುದು ಸರ್. ಅದನ್ನ ಕೇಳೋಕೆ ಆಗಲ್ಲ. ನಮ್ಮ ಕೈ ಅಲ್ಲಿಗೆ ನಿಲ್ಲುತ್ತೆ” ಎಂದರು.

“ಹೌದು, ಕೇಳ್ಲಿಕ್ಕೆ ಆಗಲ್ಲ” ಎಂದರು ಅವರು. “ಅದಕ್ಕೇ ಕೂರೋದು.”

ಹನ್ನೆರಡಾಯಿತು. ಆಕೆ ಗಡಿಯಾರ ನೋಡಿದರು, ನಾನು ಬಾಯಿಬಿಟ್ಟೇ ಹೇಳಿದೆ. ಇವರು “ಆಯ್ತು” ಎಂದರು, ಏಳಲಿಲ್ಲ. ಮೇಲಿನ ಆಫೀಸಿನ ಕಾಗದಗಳಿಗೆ ಉತ್ತರ ಟೈಪು ಮಾಡುವವಳು ನಾನು, ಮುಂದೇನು ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು ಅವರಿಗೆ.

“ಸರ್, ನಿಮ್ಮ ತಲೆಗೆ ಬರುತ್ತೆ ಇದು” ಎಂದೆ.

“ಮಾದರಿ ಹೋದ್ರೆ ನನ್ನ ತಲೆಗೆ ಬರ್ತದೆ. ಅದು ಹಳ್ಳ ದಾಟಿದ್ರೆ ಆ ಮಕ್ಕಳ ತಲೆಗೆ ಬರ್ತದೆ. ಕೂತ್ಕ ಮಾರಾಯ್ತಿ, ಅವಸರ ಎಂತದು?”

ಗೌಡರ ಮನೆಯಿಂದ ಮಜ್ಜಿಗೆ, ಅವಲಕ್ಕಿ ಬಂತು. ಮನೆಗೆ ಮರಳುವ ನನ್ನ ನಾಲ್ಕು ಗಂಟೆಯ ಬಸ್ಸು ತಪ್ಪಿತು. ಬೇರೆ ಮಾಡಲು ಕೆಲಸವಿಲ್ಲದೆ ನೋಡಿದೆ. ಜೀವಮಾನದಲ್ಲಿ ಅಷ್ಟು ಹೊತ್ತು ಒಂದನ್ನೇ ನೋಡಿದ್ದು ಅದೇ ಮೊದಲು. ತಾಯಿ ಮರಿಯ ಮುಖದ ಮೇಲೆ ಕೂತ ನೊಣ ಓಡಿಸುತ್ತಿತ್ತು. ಬಾಲವನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡುತ್ತಿತ್ತು. ಇನ್ನೊಂದು ಹೆಣ್ಣು ಇಳಿದು ಬಂದು ಪಕ್ಕದಲ್ಲಿ ಕೂತಿತು, ಕೈ ಚಾಚಿತು, ಮುಟ್ಟದೆ ಹಿಂದಕ್ಕೆ ಎಳೆದುಕೊಂಡಿತು. ಗುಂಪಿನ ಯಜಮಾನ ಗಂಡು, ದೊಡ್ಡ ಗಡವ, ಬೆನ್ನು ತಿರುಗಿಸಿ ಕೂತಿತ್ತು. ಒಂದು ಸಲ ತಾಯಿ ಮರಿಯನ್ನು ಕೊಂಬೆಯ ಕವಲಿನಲ್ಲಿಟ್ಟು ಚಿಗುರು ಕೀಳಲು ಹೋಯಿತು. ನಾವೆಲ್ಲ ಅರ್ಧ ಎದ್ದೆವು. ಅದು ಅರ್ಧ ತಿಂದು ಬಿಟ್ಟು ಓಡಿ ಬಂದು ಎತ್ತಿಕೊಂಡಿತು. ಅವರು ಮಾತ್ರ ಅಲ್ಲಾಡಲಿಲ್ಲ. ಸಂಶೋಧಕಿ ನಿಮಿಷ ನಿಮಿಷಕ್ಕೂ ಬರೆದುಕೊಳ್ಳುತ್ತಿದ್ದವರು ಎಷ್ಟೋ ಹೊತ್ತಿನಿಂದ ಬರೆಯುವುದನ್ನು ನಿಲ್ಲಿಸಿದ್ದರು.

ಐದೂವರೆಯ ಹೊತ್ತಿಗೆ ತಾಯಿ ಇಳಿದು ಬಂತು. ಹಳ್ಳದ ಅಂಚಿನ ಚಪ್ಪಟೆ ಕಲ್ಲಿನ ಮೇಲೆ ಮರಿಯನ್ನು ಮಲಗಿಸಿ ಎರಡು ಮಾರು ದೂರ ಹೋಗಿ ಕೂತಿತು. ಮೇಲಿನವು ಒಂದೊಂದಾಗಿ ನಮ್ಮ ಕಡೆಯ ಕಾಡಿಗೆ ಹೊರಟವು. ಕೊನೆಗೆ ಅದೂ ಎದ್ದು ಹೋಯಿತು. ತಿರುಗಿ ನೋಡಲಿಲ್ಲ. ನನಗೆ ಆ ಪ್ರಾಣಿಯ ಮೇಲೆ ಸಿಟ್ಟೇ ಬಂತು.

“ತಿರುಗಿ ಸಹ ನೋಡಲಿಲ್ಲವಲ್ಲ ಸರ್, ಇಷ್ಟೆಲ್ಲ ಮಾಡಿ!”

“ಎರಡು ದಿವಸ ನೋಡಿ ಆಗಿದೆಯಲ್ಲ” ಎಂದರು.

ಆಮೇಲೆ ಅವರ ಕೈ ನೋಡಬೇಕಿತ್ತು. ಏಳು ಗಂಟೆ ಕಲ್ಲಿನಂತೆ ಕೂತಿದ್ದ ಮನುಷ್ಯ ಕೈಗವಸು ಹಾಕಿ, ಮಾದರಿ ತೆಗೆದು, ಡಬ್ಬ ಮುಚ್ಚಿ, ಬೆಂಕಿ ಕೊಟ್ಟು, ಹಗ್ಗ ಹಿಡಿದು ಪುಡಿ ಎರಚಿ ಮುಗಿಸುವಾಗ ಇನ್ನೂ ಬೆಳಕಿತ್ತು. ತಾಯಿ ಕೂತಿದ್ದ ಮರದ ಬುಡಕ್ಕೂ ಒಂದು ಸುತ್ತು ಪುಡಿ ಬಿತ್ತು. ನನ್ನ ಬೆರಳು ಅಷ್ಟು ಚುರುಕಾಗಿ ಎಂದೂ ಓಡಿಲ್ಲ.

ಲ್ಯಾಬಿನಿಂದ ಕಾಗದ ಬಂತು: ಮಾದರಿ ಕೊಳೆತಿದೆ, ಪರೀಕ್ಷೆಗೆ ಯೋಗ್ಯವಲ್ಲ. ಡಾಕ್ಟರು ಹೇಳಿದ್ದೇ ನಿಜವಾಯಿತು. ಒಂದು ವಾರ ಬಿಟ್ಟು ಜ್ವರದವರ ರಕ್ತದಲ್ಲಿ ಕಾಯಿಲೆ ಇದೆಯೆಂದು ತಿಳಿದು, ಲಸಿಕೆಯ ತಂಡ ಆಗ ಬಂತು. ಆ ಸೂಜಿ ನೋವೆಂದು ಜನ ಹಿತ್ತಲ ಬಾಗಿಲಿಂದ ಓಡಿಹೋಗುವ ಕಾಲ ಅದು. ಹಳ್ಳದ ಆ ಊರಿನಲ್ಲಿ ಗೌಡರೇ ಮೊದಲು ಅಂಗಿಯ ತೋಳು ಮಡಚಿ ನಿಂತರು, ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಜ್ವರ ಬಂದಿದ್ದ ಇಬ್ಬರೂ ಗುಣವಾದರು. ಆ ಬೇಸಿಗೆ ಮುಗಿಯುವ ತನಕ ಹಳ್ಳದ ಈಚೆಯಾಗಲಿ ಆಚೆಯಾಗಲಿ ಮತ್ತೊಬ್ಬರಿಗೆ ಕಾಯಿಲೆ ಬರಲಿಲ್ಲ.

“ನೀವು ಕೂತದ್ದಕ್ಕೇ ಸರ್” ಎಂದೆ ನಾನು, ಹೆಮ್ಮೆಯಿಂದ.

“ಹಾಗೆ ಹೇಳ್ಬೇಡ” ಎಂದು ಬೆರಳು ತೋರಿಸಿ ಗದರಿದರು. “ಓಡಿಸಿದ್ರೆ ಬರ್ತಿತ್ತು ಅನ್ಲಿಕ್ಕೆ ಎಂತ ಪುರಾವೆ ಉಂಟು? ಇಲ್ಲ. ಸುಮ್ನೆ ಇರು.”

ಇದು ನೋಡಿ ಅವರು. ಮಂಗನ ಮನಸ್ಸಿನ ವಿಷಯದಲ್ಲಿ ಹೇಗೋ, ತಮ್ಮ ಹೆಚ್ಚುಗಾರಿಕೆಯ ವಿಷಯದಲ್ಲೂ ಹಾಗೇ. ಕಂಡದ್ದು ಇಷ್ಟು, ಇದರಾಚೆ ನನಗೆ ಗೊತ್ತಿಲ್ಲ.

ಮೇಲಿನಿಂದ ಮೆಮೊ ಬಂತು: ಮಾದರಿ ಸಂಗ್ರಹಣೆಯಲ್ಲಿ ಆದ ವಿಳಂಬಕ್ಕೆ ಕಾರಣ ನೀಡತಕ್ಕದ್ದು. ನಾನು ಅವರನ್ನು ಕೇಳದೆಯೇ ಉತ್ತರ ಟೈಪು ಮಾಡಿ ಇಟ್ಟಿದ್ದೆ. ದುರ್ಗಮ ದಾರಿ, ನಡುದಾರಿಯಲ್ಲಿ ಜೀಪು ಕೆಟ್ಟದ್ದು, ಇತ್ಯಾದಿ. ಇಂಥ ಉತ್ತರಗಳನ್ನು ಯಾರೂ ಪ್ರಶ್ನಿಸುವುದಿಲ್ಲ. ಅವರು ಓದಿ ಹಾಳೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

“ಜೀಪು ಚೆನ್ನಾಗಿತ್ತು” ಎಂದರು.

ಆಮೇಲೆ ನೀಲಿ ಪೆನ್ನಿನಲ್ಲಿ ಎರಡು ಸಾಲು ಬರೆದುಕೊಟ್ಟರು: “ತಾಯಿ ಮರಿಯನ್ನು ಬಿಟ್ಟಿರಲಿಲ್ಲ. ಬಿಡುವ ತನಕ ಕಾದಿದ್ದೇನೆ.”

ಡಾಕ್ಟರು ನೋಡಿ ಹಣೆ ಚಚ್ಚಿಕೊಂಡರು. ರೋಗ ಹರಡುವ ಅಪಾಯದ ಮಾತನ್ನಾದರೂ ಸೇರಿಸಿ ಮಾರಾಯ್ರೆ, ಅದು ಸುಳ್ಳಲ್ಲವಲ್ಲ ಎಂದರು. “ಸುಳ್ಳಲ್ಲ ಸರ್. ಆದ್ರೆ ಉಣುಗು ಇಲ್ದಿದ್ರೂ ಕೂರ್ತಿದ್ದೆ. ಕೇಳಿದ್ದು ಕಾರಣ ಅಲ್ವಾ?” ಎಂದರು ಇವರು. ನಾನು ಆ ಎರಡು ಸಾಲನ್ನು ಹೊಸ ರಿಬ್ಬನ್ ಹಾಕಿ ಟೈಪು ಮಾಡಿದೆ. ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ನಾನು ಟೈಪು ಮಾಡಿದ ಸಾವಿರಾರು ಹಾಳೆಗಳಲ್ಲಿ ನನ್ನದು ಎಂದು ಹೇಳಿಕೊಳ್ಳಬಹುದಾದದ್ದು ಅದೊಂದೇ.

ಅವರ ಸೇವಾ ಪುಸ್ತಕದಲ್ಲಿ ಎಚ್ಚರಿಕೆ ಎಂದು ನಮೂದಾಯಿತು. ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಅವರನ್ನು ಮಾತಾಡಲು ಎಬ್ಬಿಸಿದರು. ಅವರು ಭಾಷಣದ ಬದಲು ಸೇವಾ ಪುಸ್ತಕ ತರಿಸಿ ಆ ಎಚ್ಚರಿಕೆಯ ಸಾಲನ್ನು ಗಟ್ಟಿಯಾಗಿ ಓದಲು ನನಗೆ ಹೇಳಿದರು. ಓದಿದೆ. ಎದೆಯುಬ್ಬಿಸಿಕೊಂಡು ಕೇಳಿದರು. “ನಂಗೆ ಸಿಕ್ಕಿದ ಸರ್ಟಿಫಿಕೇಟು ಅದೊಂದೇ, ಎಲ್ರೂ ಕೇಳಿದ್ರಲ್ಲ, ಸಾಕು” ಎಂದು ಕೂತರು. ಜನ ನಕ್ಕರು. ನಾನೂ ನಕ್ಕೆ, ನಗುತ್ತ ಕಣ್ಣೊರೆಸಿಕೊಂಡೆ.

ಕಳೆದ ಮಾರ್ಚಿನಲ್ಲಿ ಅವರು ಹೋದರು. ಬೆಳಿಗ್ಗೆ ಪೇಪರು ಓದುತ್ತ ಎದೆ ಹಿಡಿದುಕೊಂಡವರು ಏಳಲಿಲ್ಲ. ನಾನು ಹೋಗಿ ತಲುಪುವಾಗ ಮಧ್ಯಾಹ್ನ ಮೂರು ಗಂಟೆ. ಅಂಗಳದಲ್ಲಿ ಮಲಗಿಸಿದ್ದರು. ತಲೆಯ ಹತ್ತಿರ ಅವರ ಹೆಂಡತಿ, ಒಂದು ಕೈ ಗಂಡನ ಎದೆಯ ಮೇಲೆ. ಅಳು ಇಲ್ಲ. ಅಂಗಿಯ ಕಾಲರು ಸರಿಮಾಡುತ್ತಿದ್ದರು, ಕಿವಿಯ ಮೇಲಿನ ಕೂದಲು ಹಿಂದಕ್ಕೆ ಸವರುತ್ತಿದ್ದರು, ನೊಣ ಓಡಿಸುತ್ತಿದ್ದರು. ನಾನು ಅವರ ಪಕ್ಕ ಹೋಗಿ ಕೂತೆ. ಚಟ್ಟ ಕಟ್ಟಿ ಆಗಿತ್ತು. ನೆಂಟರೊಬ್ಬರು ಗಡಿಯಾರ ನೋಡುತ್ತ ಮೂರು ಸಲ ಬಂದು ಹೋದರು. ನಾಲ್ಕನೆಯ ಸಲ ಬಗ್ಗಿ ಆಕೆಯ ತೋಳು ಹಿಡಿದು, “ಏಳಬೇಕು ಅತ್ತಿಗೆ, ಹೊತ್ತಾಗ್ತಾ ಬಂತು” ಎಂದರು.

“ಕೈ ತೆಗೀರಿ” ಎಂದೆ. ನನ್ನ ಸ್ವರ ನನಗೇ ಜೋರಾಗಿ ಕೇಳಿಸಿತು. “ಅವರು ಇನ್ನೂ ಬಿಟ್ಟಿಲ್ಲ. ಕೂತ್ಕಳಿ ಮಾರಾಯ್ರೆ, ಅವಸರ ಎಂತದು?”

ನೆಂಟರು ತಬ್ಬಿಬ್ಬಾಗಿ ನೆರವಿಗೆ ಸುತ್ತ ನೋಡಿದರು. ಅಂಗಳದ ಆ ತುದಿಯಲ್ಲಿ, ಬೇಲಿಯ ಹತ್ತಿರ, ಅವರ ಕೈಕೆಳಗೆ ಕೆಲಸ ಕಲಿತ ಆರೋಗ್ಯ ಸಹಾಯಕರು ಏಳೆಂಟು ಜನ ಬಂದಿದ್ದರು. ಯಾರೂ ಹೇಳದೆಯೇ ಅವರೆಲ್ಲ ನೆಲದ ಮೇಲೆ ಕೂತಿದ್ದರು, ಮಂಡಿಯ ಮೇಲೆ ಎರಡು ಕೈ ಇಟ್ಟುಕೊಂಡು. ಹಗ್ಗ ಹಿಡಿದು ಅಳೆದಿದ್ದರೆ ಐವತ್ತಡಿ ಇರುತ್ತಿತ್ತೇನೋ. ನೆಂಟರೂ ಮೆಲ್ಲಗೆ ಜಗಲಿಯ ಅಂಚಿನಲ್ಲಿ ಕೂತರು.

ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಕಳೆದಿರಬೇಕು. ಆಕೆ ಕಾಲರನ್ನು ಕೊನೆಯ ಸಲ ಸರಿಮಾಡಿದರು. ಕೈ ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡರು. ಹಾಗೇ ಇನ್ನೂ ಸ್ವಲ್ಪ ಹೊತ್ತು ಕೂತರು. ಆಮೇಲೆ ನನ್ನ ಭುಜ ಹಿಡಿದು ಎದ್ದು, “ಹ್ಞೂಂ, ಇನ್ನು ಎತ್ಲಿ” ಎಂದು ಒಳಗೆ ನಡೆದರು. ತಿರುಗಿ ನೋಡಲಿಲ್ಲ.

ಈ ಸಲ ನನಗೆ ಸಿಟ್ಟು ಬರಲಿಲ್ಲ.